ಕ್ಷೌರದಂಗಡಿಗೆ ಬಂದ ಸಮುದ್ರ

ಮೊಂಬಾಸಾದ ಹಳೇಪೇಟೆಯಲ್ಲಿ, ಮೀನು ಮಾರುಕಟ್ಟೆಯಿಂದ ಮೇಲಕ್ಕೆ ಹತ್ತುವ ಓಣಿಯಲ್ಲಿ ಕಿಬ್ವಾನಾನ ಕ್ಷೌರದಂಗಡಿ ಇದೆ. ಅವನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಗಡ್ಡ ಹೆರೆದು ಮುಗಿದರೂ ಹೇಳುತ್ತಿದ್ದ ಕಥೆ ಮುಗಿಯದಿದ್ದರೆ ಗಿರಾಕಿಯನ್ನು ಕುರ್ಚಿಯಿಂದ ಏಳಗೊಡುತ್ತಿರಲಿಲ್ಲ. ಓಣಿಯವರಿಗೆ ಅದು ಒಗ್ಗಿಹೋಗಿತ್ತು. ಬೇರೆ ದಾರಿಯೂ ಇರಲಿಲ್ಲ. ಆಮೇಲೆ ಎದುರು ಸಾಲಿನಲ್ಲಿ ಸ್ವಾಲೇ ಎಂಬವನು ಇನ್ನೊಂದು ಕ್ಷೌರದಂಗಡಿ ತೆರೆದ. ಬಾಗಿಲಿಗಿಂತ ಅಗಲವಾದ ಟೀವಿಯೊಂದನ್ನು ಗೋಡೆಗೆ ಏರಿಸಿದ. ಸ್ವಾಲೇ ಮಾತಿನವನಲ್ಲ. ಟೀವಿಯೊಳಗೆ ಆಟಗಾರರು ಚೆಂಡಿನ ಹಿಂದೆ ಓಡಿದರು, ಕಿಬ್ವಾನಾನ ಗಿರಾಕಿಗಳು ಅವರ ಹಿಂದೆ ಓಡಿದರು.

ನನ್ನ ಕಾಫಿ ಒಲೆ ಇರುವುದು ಕಿಬ್ವಾನಾನ ಬಾಗಿಲ ಪಕ್ಕದ ಕಲ್ಲುಜಗಲಿಯ ಮೇಲೆ. ಕತ್ತೆತ್ತಿದರೆ ಸ್ವಾಲೇಯ ಅಂಗಡಿ. ಹಾಗಾಗಿ ಮುಂದೆ ಆದದ್ದೆಲ್ಲ ನನ್ನ ಕಣ್ಣೆದುರೇ ಆದದ್ದು.

ಕಿಬ್ವಾನಾನನ್ನು ಬಿಟ್ಟುಹೋಗದ ಕೆಲವರಲ್ಲಿ ಚೆಂಗೋ ಒಬ್ಬ. ಸಮುದ್ರದಲ್ಲಿ ಮುಳುಗಿ, ಹವಳದ ಸಂದಿಗಳಿಂದ ಬಣ್ಣದ ಮೀನುಗಳನ್ನು ಪುಟ್ಟ ಬಲೆಯಲ್ಲಿ ಹಿಡಿದು, ಅವನ್ನು ವಿಮಾನದಲ್ಲಿ ಹೊರದೇಶಗಳಿಗೆ ಕಳಿಸುವ ವ್ಯಾಪಾರಿಗೆ ಕೊಡುವುದು ಅವನ ಕಸುಬು. ಆ ವ್ಯಾಪಾರಿ ಗೋದಾಮು ಬದಲಿಸುವಾಗ ಒಂದು ಗಾಜಿನ ತೊಟ್ಟಿ, ಅದರ ದೀಪ, ನೀರು ತಿರುಗಿಸುವ ಪಂಪು ಮತ್ತು ತೊಟ್ಟಿಯಲ್ಲೇ ಬಹುಕಾಲ ಇದ್ದು ಜೀವ ಹಿಡಿದಿದ್ದ ಒಂದಿಷ್ಟು ಹವಳದ ಕಲ್ಲು ಹೆಚ್ಚಾಗಿ ಉಳಿದವು. ಬೇಕಾದವರು ಒಯ್ಯಿರಿ ಎಂದನಂತೆ. ಚೆಂಗೋ ಕುರ್ಚಿಯಲ್ಲಿ ಕೂತು ಮುಖಕ್ಕೆ ನೊರೆ ಹಚ್ಚಿಸಿಕೊಳ್ಳುತ್ತಾ ಆ ಸುದ್ದಿ ತೆಗೆದ.

"ಹೊರದೇಶದಲ್ಲಿ ಜನ ಮೀನು ನೋಡ್ತಾ ಗಂಟೆಗಟ್ಲೆ ಕೂತಿರ್ತಾರಂತೆ ಬ್ವಾನಾ. ಚೆಂಡಾಟ ಆದ್ರೆ ಮುಗಿದುಹೋಗ್ತದೆ. ಮೀನಿನಾಟ ಮುಗಿಯೋದೇ ಇಲ್ಲ."

ಕಿಬ್ವಾನಾ ಕತ್ತಿ ಹಿಡಿದವನು ಎದುರಿನ ಟೀವಿಯನ್ನೊಮ್ಮೆ ನೋಡಿದ. ಆ ಹೊತ್ತಿಗೇ ತೀರ್ಮಾನ ಆಗಿಹೋಗಿತ್ತು. ಹೆಂಡತಿ ಮಯಾಸಾಳಿಗೆ ತಿಳಿದದ್ದು ತೊಟ್ಟಿ ಅಂಗಡಿಯೊಳಗೆ ಬಂದ ಮೇಲೆ. ಅವಳು ಮಧ್ಯಾಹ್ನದ ಊಟ ತಂದವಳು ಬುತ್ತಿಯನ್ನು ಕೆಳಗಿಡದೆ ನಿಂತು, ಎಂದಿನಂತೆ ತಿಮಾಳ ಅಪ್ಪ ಎಂದೇ ಗಂಡನನ್ನು ಕರೆದು ಕೇಳಿದಳು.

"ಬಾಬಾ ತಿಮಾ, ಈ ಓಣಿ ಇಳಿದು ಹೋದ್ರೆ ಕೊನೇಲಿ ಏನಿದೆ?"

"ಸಮುದ್ರ."

"ಅದರಲ್ಲಿ ಮೀನಿಲ್ವಾ?"

"ಇದೆ."

"ಮತ್ತೆ?"

"ಅದು ಎಲ್ಲರದು," ಎಂದ ಕಿಬ್ವಾನಾ. "ಇದು ನಂದು."

ನೀರಿಗಾಗಿ ಅವನು ಕೈಗಾಡಿಯವನನ್ನು ಕರೆದುಕೊಂಡು ಹಳೇ ಬಂದರಿಗೆ ಹೋದ. ಕ್ಯಾನುಗಳಲ್ಲಿ ಉಪ್ಪುನೀರು ತುಂಬಿಸಿ ಗಾಡಿಗೆ ಹೇರಿಸಿದ. ಏರಿನಲ್ಲಿ ಏದುಸಿರು ಬಿಡುತ್ತಾ ಗಾಡಿಯವನು ಕ್ಯಾನಿನಲ್ಲಿ ಏನಿದೆಯೆಂದು ಕೇಳಿದನಂತೆ. ಬರೀ ಸಮುದ್ರದ ನೀರು ಎಂದಾಗ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ಮೆಲ್ಲನೆ ವಿಚಾರಿಸಿದ. ಸಂಜೆ ಚೆಂಗೋ ಬಂದು ತುಂಬಿದ ತೊಟ್ಟಿಯಲ್ಲಿ ಬೆರಳದ್ದಿ ಮೂಸಿ ನೋಡಿದ. ಬಂದರಿನ ನೀರು, ಅರ್ಧಕ್ಕರ್ಧ ದೋಣಿಗಳ ಎಣ್ಣೆ. ಇದರಲ್ಲಿ ಮೀನು ಬಿಟ್ಟರೆ ಸಾಕುವುದಲ್ಲ, ಹುರಿಯುವುದು ಎಂದ. ಅಷ್ಟೂ ನೀರು ಓಣಿಯ ಚರಂಡಿ ಸೇರಿತು. ಮರುದಿನ ಚೆಂಗೋನ ದೋಣಿಯಲ್ಲಿ ಹವಳದ ದಿಬ್ಬದಾಚೆಯ ತಿಳಿನೀರಿಗೆ ಹೋಗಿ ಮತ್ತೆ ತುಂಬಿಸಿ ತಂದರು. ಅದೇ ಗಾಡಿಯವನು ಮತ್ತೆ ಸಿಕ್ಕಿದ. ಈ ಸಲ ಏನೂ ಕೇಳಲಿಲ್ಲ.

ಮರಳು ಹಾಸಿ, ಕಲ್ಲು ಜೋಡಿಸಿ, ನೀರು ತುಂಬಿ, ದೀಪ ಹಚ್ಚಿದಾಗ ಅಂಗಡಿಯಿಡೀ ನೀಲಿಯಾಯಿತು. ಕನ್ನಡಿಯಲ್ಲಿ ಗಿರಾಕಿಗಳ ಮುಖ ಹೆಣದ ಹಾಗೆ ಕಾಣುತ್ತಿತ್ತು. ಒಬ್ಬನಂತೂ ತನ್ನನ್ನು ತಾನೇ ನೋಡಿ, ಕ್ಷೌರ ಬೇಡ, ಆಸ್ಪತ್ರೆಗೆ ಹೋಗುತ್ತೇನೆ ಎಂದು ಎದ್ದ. ಅದು ಸಾಲದೆಂಬಂತೆ ನೀರು ಬಿಸಿಯಾಗಬಾರದು ಎಂದು ಚೆಂಗೋ ಹೇಳಿದ್ದರಿಂದ, ಅಂಗಡಿಯಲ್ಲಿದ್ದ ಒಂದೇ ಒಂದು ಫ್ಯಾನು ತೊಟ್ಟಿಯ ಕಡೆ ತಿರುಗಿತು. ಗಿರಾಕಿಗಳು ಬೆವರುತ್ತಾ ಕೂತರು, ಕಲ್ಲುಗಳು ಗಾಳಿ ಸೇವಿಸಿದವು.

ಕಲ್ಲುಗಳೇ, ಯಾಕೆಂದರೆ ಮೀನು ಇರಲಿಲ್ಲ. ನೀರು ಪಕ್ವವಾಗಬೇಕು, ಕಣ್ಣಿಗೆ ಕಾಣದ ಜೀವಗಳು ಕಲ್ಲಿನಲ್ಲಿ ನೆಲೆಯೂರಿ ಕೊಳೆ ತಿನ್ನುವುದನ್ನು ಕಲಿಯಬೇಕು, ಅಲ್ಲಿಯವರೆಗೆ ಒಂದು ಮೀನನ್ನೂ ಬಿಡುವಂತಿಲ್ಲ ಎಂದು ಚೆಂಗೋ ಕಟ್ಟಪ್ಪಣೆ ಮಾಡಿದ್ದ. ಅವಸರದಲ್ಲಿ ಬರಕತ್ತಿಲ್ಲ ಎಂದು ನಮ್ಮ ಕರಾವಳಿಯಲ್ಲಿ ಮಕ್ಕಳೂ ಹೇಳುತ್ತಾರೆ. ಕಿಬ್ವಾನಾನೂ ದಿನಾ ಹೇಳುತ್ತಿದ್ದ, ಬೇರೆಯವರಿಗೆ. ಆದರೆ ಅವನು ಆಗಲೇ ಬಾಗಿಲಿಗೆ 'ಇಲ್ಲಿ ಮೀನು ನೋಡಿ' ಎಂದು ಹಲಗೆ ತೂಗುಹಾಕಿಬಿಟ್ಟಿದ್ದ. ಬಂದವರು ಮೂಗನ್ನು ಗಾಜಿಗೆ ಒತ್ತಿ ಬಹಳ ಹೊತ್ತು ಹುಡುಕುತ್ತಿದ್ದರು. ಸಂಕೋಚದವರು ಕಂಡಿತು ಎಂದೇ ಹೇಳಿ ಹೋಗುತ್ತಿದ್ದರು.

ಕೆಲವು ವಾರಗಳಲ್ಲಿ ಕಲ್ಲುಗಳ ಮೇಲೆ ಮೊದಲು ಕಂದು ಪುಡಿ, ಆಮೇಲೆ ಹಸಿರು ಕೂದಲಿನಂಥ ಪಾಚಿ ಬೆಳೆಯಿತು. ಸ್ವಾಲೇ ಅಪರೂಪಕ್ಕೆ ಬಾಯಿ ತೆರೆದ. ಕ್ಷೌರಿಕನ ಅಂಗಡಿಯಲ್ಲಿ ಕಲ್ಲಿಗೂ ಗಡ್ಡ, ಮೊದಲು ಅದನ್ನು ಹೆರೆಯಲಿ ಎಂದ. ಓಣಿಯಿಡೀ ಆ ಮಾತನ್ನು ಹೊತ್ತು ತಿರುಗಿತು. ಚೆಂಗೋ ಪಾಚಿ ಮೇಯಲು ಒಂದು ಹಿಡಿ ಬಸವನಹುಳು ತಂದು ಬಿಟ್ಟ. ತೊಟ್ಟಿಯಲ್ಲಿ ಕಣ್ಣಿಗೆ ಕಾಣುವಂತೆ ಓಡಾಡುವ ಜೀವಿ ಬಂತಲ್ಲ ಎಂದು ಕಿಬ್ವಾನಾನಿಗೆ ಎಷ್ಟು ಖುಷಿಯಾಯಿತೆಂದರೆ, ಬಿಳಿ ಪಟ್ಟೆಯ ಒಂದು ಹುಳುವಿಗೆ 'ಶೇಖ್' ಎಂದು ಹೆಸರಿಟ್ಟು, ಅದು ಈ ಮೂಲೆಯಿಂದ ಆ ಮೂಲೆಗೆ ಹೋದದ್ದನ್ನೇ ಗಿರಾಕಿಗಳಿಗೆ ಯಾತ್ರೆಯ ಕಥೆಯಂತೆ ಹೇಳತೊಡಗಿದ.

ಆಗ ಶುರುವಾಯಿತು ಆ ಸದ್ದು.

ಕುರ್ಚಿಯಲ್ಲಿ ಮುದುಕ ನಾಖುದಾ ಅಲಾವಿ ಕೂತಿದ್ದರು. ಮೊದಲು ಹಾಯಿಹಡಗು ನಡೆಸಿದವರು, ಈಗ ಮೀಸೆ ನಡೆಸುತ್ತಿದ್ದರು. ಮದುವೆಯ ದಿನದಿಂದ ತೆಗೆಯದ ಮೀಸೆ ಅದು. ಕಿಬ್ವಾನಾ ಅದರ ತುದಿಯನ್ನು ಓರಣ ಮಾಡುತ್ತಿದ್ದಾಗ ತೊಟ್ಟಿಯೊಳಗಿಂದ 'ಟಕ್' ಎಂದು ಕೇಳಿಸಿತು. ಕಲ್ಲಿಗೆ ಸುತ್ತಿಗೆ ಬಡಿದ ಹಾಗೆ. ಕೈ ಹಾರಿತು. ಅದರೊಂದಿಗೆ ಅರ್ಧ ಮೀಸೆಯೂ ಹಾರಿತು. ಇಬ್ಬರೂ ನೆಲದ ಮೇಲೆ ಬಿದ್ದದ್ದನ್ನು ನೋಡಿದರು. ಕೊನೆಗೆ ನಾಖುದಾ ಉಳಿದರ್ಧವನ್ನೂ ತೆಗೆ ಎಂದು ಕಣ್ಣು ಮುಚ್ಚಿದರು. ಮನೆಗೆ ಹೋದಾಗ ಅವರ ಹೆಂಡತಿ ತಲೆ ಮೇಲೆ ಸೆರಗೆಳೆದುಕೊಂಡು, ಯಜಮಾನರು ಮನೆಯಲ್ಲಿಲ್ಲ ಎಂದರಂತೆ.

ಮೀಸೆ ಹೋದದ್ದು ಕ್ಷೌರಿಕನ ಕೈತಪ್ಪಿನಿಂದ ಎನ್ನುವುದು ನಾಖುದಾರಂಥವರಿಗೆ ಶೋಭೆಯಲ್ಲ. ಅವರು ನನ್ನ ಜಗಲಿಯಲ್ಲಿ ಕೂತು, ಶುಂಠಿ ಕಾಫಿ ಹೀರುತ್ತಾ, ಆ ಕಲ್ಲಿನಲ್ಲಿ ಜಿನ್ನು ಇದೆ ಎಂದು ಗಂಭೀರವಾಗಿ ಸಾರಿದರು. ಸಂಜೆಯೊಳಗೆ ಹಳೇಪೇಟೆಗೆಲ್ಲ ಗೊತ್ತಾಯಿತು. ಮಾರನೆಯ ದಿನದಿಂದ ಕಿಬ್ವಾನಾನ ಅಂಗಡಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಜಿನ್ನನ್ನು ಕೇಳಿಸಿಕೊಳ್ಳಲು ಬಂದವರು ಬರಿಗೈಲಿ ಹೋಗುವುದು ಹೇಗೆಂದು ಗಡ್ಡವನ್ನೂ ಹೆರೆಸಿಕೊಂಡು ಹೋದರು. ಗಡ್ಡವಿಲ್ಲದವರು ತಲೆ ಕೊಟ್ಟರು.

ಯಾರೋ ಜಿನ್ನಿಗೆ ಪ್ರಶ್ನೆ ಕೇಳುವ ಪದ್ಧತಿ ಹಾಕಿದರು. ಒಂದು ಟಕ್ ಎಂದರೆ ಹೌದು, ಎರಡು ಎಂದರೆ ಇಲ್ಲ. ಬೀದಿ ಕೊನೆಯ ಹಲ್ವಾ ಅಂಗಡಿಯವನು ತನ್ನ ಅತ್ತೆ ಶುಕ್ರವಾರದೊಳಗೆ ಊರಿಗೆ ಹೊರಡುತ್ತಾಳೆಯೇ ಎಂದು ಗಾಜಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ. ಒಂದೇ ಟಕ್ ಬಂತು. ಅವನು ಸಂತೋಷದಿಂದ ಎಲ್ಲರಿಗೂ ಹಲ್ವಾ ಹಂಚಿದ. ಅತ್ತೆ ಹೊರಡಲಿಲ್ಲ, ಬದಲಿಗೆ ಅವಳ ತಂಗಿಯೂ ಬಂದಳು. ಆದರೂ ಜಿನ್ನಿನ ಮೇಲೆ ಯಾರೂ ನಂಬಿಕೆ ಕಳೆದುಕೊಳ್ಳಲಿಲ್ಲ. ಮಯಾಸಾ ತೊಟ್ಟಿಯ ಸುತ್ತ ಲೋಬಾನದ ಹೊಗೆ ಹಾಕಿದಳು. ಗಿರಾಕಿಗಳು ಕೆಮ್ಮಿದರು, ಒಳಗಿನದು ಇನ್ನೂ ಜೋರಾಗಿ ಬಡಿಯಿತು. ಎದುರಿನ ಅಂಗಡಿಯಲ್ಲಿ ದೊಡ್ಡ ಪಂದ್ಯ ನಡೆಯುತ್ತಿದ್ದಾಗಲೂ ಸ್ವಾಲೇ ಒಬ್ಬನೇ ನೋಡುತ್ತಾ ಕೂತಿದ್ದ.

ಕಿಬ್ವಾನಾನಿಗೆ ಮಾತ್ರ ಒಂದು ಕೊರಗು. ಬಸವನಹುಳುಗಳು ಒಂದೊಂದಾಗಿ ಕಾಣೆಯಾಗುತ್ತಿದ್ದವು. ಮರಳಿನ ಮೇಲೆ ಒಡೆದ ಚಿಪ್ಪು ಸಿಗುತ್ತಿತ್ತು. ಊರಿಗೆ ಹೋಗಿದ್ದ ಚೆಂಗೋ ಮರಳಿ ಬಂದವನು ಚಿಪ್ಪುಗಳನ್ನು ನೋಡಿ, ಗಾಜಿಗೆ ಕಿವಿಯಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕ. ಕಿಬ್ವಾನಾನನ್ನು ಒಳಗೆ ಕರೆದು ವಿಷಯ ಹೇಳಿದ. ಅದು ಜಿನ್ನಲ್ಲ, ಸೀಗಡಿಯ ದೂರದ ನೆಂಟ. ಕಲ್ಲಿನ ಬಿಲದಲ್ಲಿ ಅಡಗಿ ಬಂದಿದೆ. ಎದೆಯ ಮುಂದೆ ಎರಡು ಮುಷ್ಟಿ ಮಡಚಿಟ್ಟುಕೊಂಡಿರುತ್ತದೆ, ಅದರಲ್ಲಿ ಗುದ್ದಿ ಚಿಪ್ಪು ಒಡೆದು ತಿನ್ನುತ್ತದೆ. ಅದು ಇರುವವರೆಗೆ ಮೀನು ಬಿಡುವ ಮಾತೇ ಇಲ್ಲ.

"ಹಿಡಿದುಬಿಡ್ಲಾ?" ಎಂದ ಚೆಂಗೋ.

ಕಿಬ್ವಾನಾ ಬಾಗಿಲಾಚೆ ಕಾದಿದ್ದ ಜನರನ್ನು ನೋಡಿದ. "ಸ್ವಲ್ಪ ದಿನ ಬಿಟ್ಟು ಹಿಡಿಯೋಣ. ಅದಕ್ಕೂ ಒಂದು ಹೊಟ್ಟೆ ಇದೆಯಲ್ಲ."

ಆದರೆ ಆ ಕರುಣೆ ಹೆಚ್ಚು ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಮರಳಿನ ಮೇಲೆ ಬಿಳಿ ಪಟ್ಟೆಯ ಚಿಪ್ಪು ಎರಡು ಹೋಳಾಗಿ ಬಿದ್ದಿತ್ತು. ಕಿಬ್ವಾನಾ ಆ ಹೊತ್ತು ಅಂಗಡಿಯಲ್ಲಿ ಒಂದು ಮಾತೂ ಆಡಲಿಲ್ಲ. ಗಿರಾಕಿಗಳು ಗಾಬರಿಯಾದರು. ಮಧ್ಯಾಹ್ನ ಚೆಂಗೋನಿಗೆ ಹೇಳಿ ಕಳಿಸಿದ, "ಶೇಖ್ ಹೋದ. ಇನ್ನು ಅದನ್ನ ಬಿಡಬಾರದು."

ಚೆಂಗೋ ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಯ ಕತ್ತು ಕುಯ್ದು, ಅದನ್ನೇ ತಲೆಕೆಳಗಾಗಿ ಒಳಗೆ ತುರುಕಿ, ತಳದಲ್ಲಿ ಸೀಗಡಿ ತುಂಡಿಟ್ಟು ತೊಟ್ಟಿಗೆ ಇಳಿಸಿದ. ಬೆಳಿಗ್ಗೆ ಜಿನ್ನು ಬಾಟಲಿಯಲ್ಲಿತ್ತು. ಬಕೆಟಿಗೆ ಸುರಿದು ಓಣಿಗೆ ತಂದಾಗ ಜನ ಮುತ್ತಿದರು. ಬೆರಳುದ್ದದ ಹಸಿರು ಪ್ರಾಣಿ. ಕಡ್ಡಿಯ ತುದಿಗಿದ್ದ ಎರಡು ಕಣ್ಣು ಒಂದು ಆ ಕಡೆ, ಒಂದು ಈ ಕಡೆ ತಿರುಗುತ್ತಿದ್ದವು. ಎಲ್ಲರ ಮುಖ ಸಪ್ಪಗಾಯಿತು. ನಾಖುದಾ ಅಲಾವಿ ಮಾತ್ರ, ಜಿನ್ನು ಯಾವ ರೂಪವನ್ನಾದರೂ ತಾಳಬಲ್ಲದು ಎಂದು ಬೋಳು ತುಟಿ ಸವರಿಕೊಂಡರು.

ಸ್ವಾಲೇ ತನ್ನ ಗಿರಾಕಿಯೊಬ್ಬನ ಮುಖಕ್ಕೆ ನೊರೆ ಹಚ್ಚಿ ಅಲ್ಲೇ ಬಿಟ್ಟು ಓಡಿಬಂದಿದ್ದ. ಬಕೆಟಿನೊಳಗೆ ಬಗ್ಗಿ ನೋಡಿ ನಕ್ಕ.

"ಇಷ್ಟೇನಾ? ಇದಕ್ಕಾ ನನ್ನ ಅಂಗಡಿ ಖಾಲಿ ಹೊಡೆದದ್ದು? ತೆಂಗಿನಹಾಲಲ್ಲಿ ಬೇಯಿಸಿದ್ರೆ ಒಂದು ತುತ್ತಿಗೂ ಸಾಲೋದಿಲ್ಲ."

"ಕೈ ಹಾಕ್ಬೇಡ ಸ್ವಾಲೇ," ಎಂದ ಚೆಂಗೋ.

ಹಾಕಬೇಡ ಎಂದರೆ ಹಾಕದಿರುವ ಸ್ವಭಾವವಲ್ಲ ಕ್ಷೌರಿಕರದು. ಸ್ವಾಲೇ ಹೆಬ್ಬೆರಳಿನಿಂದ ಅದನ್ನು ತಿವಿದ. ಟಕ್ ಎಂದಿತು. ಆಮೇಲೆ ಕೇಳಿಸಿದ್ದು ಸ್ವಾಲೇಯ ದನಿ. ಅವನಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ನಮಗೆ ಗೊತ್ತಿರಲಿಲ್ಲ. ಹೆಬ್ಬೆರಳು ಸೀಳಿ ರಕ್ತ ಸುರಿಯುತ್ತಿತ್ತು. ಕಿಬ್ವಾನಾ ಅವನನ್ನು ತನ್ನ ಕುರ್ಚಿಗೆ ಎಳೆದೊಯ್ದು, ಕ್ಷೌರಿಕನಿಗೆ ತಿಳಿದ ಒಂದೇ ಔಷಧಿಯಾದ ಪಟಕದ ಕಲ್ಲನ್ನು ಗಾಯಕ್ಕೆ ಒತ್ತಿದ. ಎರಡನೇ ಸಲ ಕೂಗಿದ್ದು ಮೀನು ಮಾರುಕಟ್ಟೆಗೂ ಕೇಳಿಸಿತಂತೆ. ಆಗ ನೊರೆ ಒಣಗಿದ ಮುಖದವನೊಬ್ಬ ಓಣಿ ದಾಟಿ ಬಂದು, ನನ್ನನ್ನು ಯಾರು ಮುಗಿಸುತ್ತೀರಿ ಎಂದು ಕೇಳಿದ.

ಕಿಬ್ವಾನಾ ಕತ್ತಿ ತೆಗೆದುಕೊಂಡು ಎದುರಿನ ಅಂಗಡಿಗೆ ಹೋದ. ಹೆಬ್ಬೆರಳು ಮಾಯುವವರೆಗೂ ದಿನಾ ಹೋದ. ಸ್ವಾಲೇಯ ಗಿರಾಕಿಗಳನ್ನು ಅಲ್ಲೇ ನಿಂತು ಹೆರೆದ. ಬಂದದ್ದನ್ನು ಅವನ ಪೆಟ್ಟಿಗೆಗೇ ಹಾಕಿದ. ಇದನ್ನು ನಾವು ಹೊಗಳಿದರೆ, ಟೀವಿ ಕಡೆ ಕಣ್ಣು ನೆಟ್ಟು, ಸುಮ್ಮನಿರ್ರಪ್ಪಾ, ಈಗ ಗೋಲಾಗ್ತದೆ ಎನ್ನುತ್ತಿದ್ದ. ಕಥೆಯ ನಡುವೆ ಚೆಂಡು ಬಂದರೆ ಕಥೆಯೇ ಮರೆತುಹೋಗುತ್ತಿತ್ತು.

ಇತ್ತ ಸ್ವಾಲೇ ಬಟ್ಟೆ ಸುತ್ತಿದ ಹೆಬ್ಬೆರಳನ್ನು ಮೇಲೆತ್ತಿಕೊಂಡು ಕಿಬ್ವಾನಾನ ಅಂಗಡಿಯಲ್ಲಿ ತೊಟ್ಟಿ ಕಾಯುತ್ತಾ ಕೂತ. ಚೆಂಗೋ ಮುಷ್ಟಿಯ ಪ್ರಾಣಿಯನ್ನು ಹವಳದ ದಿಬ್ಬದಲ್ಲಿ ಬಿಟ್ಟು, ಬರುವಾಗ ಕಿತ್ತಳೆ ಮೈಗೆ ಬಿಳಿ ಪಟ್ಟಿ ಇರುವ ಒಂದು ಜೋಡಿ ಮೀನು ತಂದ. ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ನೀರಿಗೆ ನೀರು ಹೊಂದುವವರೆಗೆ ಕಾದು, ಮೆಲ್ಲಗೆ ಬಿಟ್ಟ. ಅವುಗಳಲ್ಲಿ ದೊಡ್ಡದು ಹೆಣ್ಣು, ಅದು ಹೇಳಿದಂತೆ ಗಂಡು ಕೇಳುತ್ತದೆ ಎಂದು ಅವನು ವಿವರಿಸುವಾಗ ಮಯಾಸಾ ಬುತ್ತಿ ಹಿಡಿದು ಬಂದಳು.

"ನೋಡು, ಮೀನಿಗಿರೋ ಬುದ್ಧಿ," ಎಂದಳು ಗಂಡನ ಕಡೆ ತಿರುಗಿ. ಅಂದಿನಿಂದ ತೊಟ್ಟಿಯ ಬಗ್ಗೆ ಅವಳ ತಕರಾರು ನಿಂತಿತು.

ಆ ಜಾತಿಯ ಮೀನು ಸಮುದ್ರದಲ್ಲಿ ಹೂವಿನಂಥ ಪ್ರಾಣಿಯೊಂದರ ಎಸಳುಗಳ ನಡುವೆ ಮನೆ ಮಾಡುತ್ತದೆ. ಅಂಥದ್ದನ್ನು ಸಾಕಲು ಕಿಬ್ವಾನಾನ ತೊಟ್ಟಿ ಇನ್ನೂ ಎಳೆಯದು, ವರ್ಷವಾಗಲಿ ಎಂದ ಚೆಂಗೋ. ಮೀನುಗಳು ಕಾಯಲಿಲ್ಲ. ಗಾಜು ಉಜ್ಜಲು ಇಟ್ಟಿದ್ದ, ಸೋಪು ಕಾಣದ ಹೊಸ ಗಡ್ಡದ ಬ್ರಷ್ಷೊಂದು ಒಳಗೆ ಬಿದ್ದು ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತ್ತು. ಅದರ ಕೂದಲಿನಲ್ಲಿ ಮೈಯುಜ್ಜಿ ಅಲ್ಲೇ ಸಂಸಾರ ಹೂಡಿದವು. ಕಿಬ್ವಾನಾ ಅದನ್ನು ತೆಗೆಯಲು ಕೈಹಾಕಿದರೆ ಹೆಣ್ಣುಮೀನು ಬೆರಳಿಗೆ ಕಚ್ಚಿತು. "ಬಿಡು ಬ್ವಾನಾ, ಅವಕ್ಕೂ ನಮ್ಮ ಕಸುಬೇ ಹಿಡಿಸಿದೆ," ಎಂದ ಸ್ವಾಲೇ. ಲೇವಡಿಯಿಲ್ಲದ ಮಾತು ಅವನ ಬಾಯಿಂದ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಹೆಬ್ಬೆರಳು ವಾಸಿಯಾಗಿ ಸ್ವಾಲೇ ತನ್ನ ಅಂಗಡಿಗೆ ಮರಳಿದ ಮೇಲೂ ಇಬ್ಬರಲ್ಲಿ ಬಳಕೆ ಉಳಿಯಿತು. ಪಂದ್ಯವಿದ್ದರೆ ಕಿಬ್ವಾನಾ ಅಲ್ಲಿ, ಇಲ್ಲದಿದ್ದರೆ ಸ್ವಾಲೇ ಇಲ್ಲಿ. ಗಿರಾಕಿಗಳು ಕ್ಷೌರಿಕನನ್ನು ಹುಡುಕಿಕೊಂಡು ಓಣಿ ದಾಟುತ್ತಾರೆ. ತೊಟ್ಟಿಯಲ್ಲಿ ಈಗ ಎಲೆಯಂತೆ ಅಲ್ಲಾಡುವ ಮೆತ್ತನೆಯ ಹವಳವೂ ಬೆಳೆದಿದೆ.

ಮೊನ್ನೆ ಮಯಾಸಾ ತೆಂಗಿನಹಾಲಿನ ಮಸಾಲೆ ಸವರಿ ಕೆಂಡದಲ್ಲಿ ಸುಟ್ಟ ಮೀನು ತಂದಿದ್ದಳು. ಕಿಬ್ವಾನಾ ತಟ್ಟೆ ಮುಟ್ಟುವ ಮೊದಲು ಎದ್ದು, ಅವಳ ಹಳೇ ಕಾಂಗಾ ಬಟ್ಟೆಯನ್ನು ತೊಟ್ಟಿಯ ಮೇಲೆ ಇಳಿಬಿಟ್ಟ. ಅದು ದಿನದ ಪದ್ಧತಿಯಂತೆ.

"ಇದು ದೂರದ ಲಾಮು ಕಡೆ ಮೀನು," ಎಂದಳು ಮಯಾಸಾ. "ಅವಕ್ಕೆ ಸಂಬಂಧವಿಲ್ಲ."

"ನಿಂಗೇನು ಗೊತ್ತು," ಎಂದ ಕಿಬ್ವಾನಾ. ಬಟ್ಟೆಯನ್ನು ಇನ್ನಷ್ಟು ಕೆಳಗೆ ಜಗ್ಗಿ, ತೊಟ್ಟಿಗೆ ಬೆನ್ನು ಮಾಡಿ ಕೂತು, ಮುಳ್ಳು ಬಿಡಿಸತೊಡಗಿದ.