ಕೊಟ್ಟಿಗೆ ಗೋಡೆಗೆ ಒಂದು ಮಳೆಯ ಗಡುವು

ಕಳಚಿ ಬಿದ್ದ ಸಿಮೆಂಟ್ ಚಕ್ಕೆಯ ದಪ್ಪ ಅರ್ಧ ಇಂಚು. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ನಾಲ್ಕು ಬೆರಳಿನ ಗೆರೆಗಳು ಅಚ್ಚೊತ್ತಿದ್ದವು. ಎಂದೋ ನನ್ನ ಅಜ್ಜಿ ಕೈಯಲ್ಲಿ ಮಣ್ಣು ಬಳಿದಾಗ ಗೋಡೆಯ ಮೇಲೆ ಉಳಿದ ಗೆರೆಗಳವು.

ಯಗಟಿಯ ನಮ್ಮ ಮನೆಯ ಕೊಟ್ಟಿಗೆ ಹಿಂದಿನ ಬೀದಿಗೆ ಮುಖ ಮಾಡಿದೆ. ಈಗ ದನಗಳಿಲ್ಲ. ತೆಂಗಿನಕಾಯಿ, ರಾಗಿ ಚೀಲ, ನನ್ನ ಪುಸ್ತಕದ ಪೆಟ್ಟಿಗೆಗಳಿವೆ. ಎಂಎಸ್ಸಿಗೆ ಓದಿದ್ದು ಅಲ್ಲೇ. (ಮನೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಜಾಗ ಅದೊಂದೇ. ಇಷ್ಟು ಹೇಳಿದರೆ ಸಾಕು.)

ಹೋದ ವರ್ಷ ಅದರ ಬೀದಿ ಕಡೆಯ ಪಡುವಣ ಗೋಡೆಗೆ ಸಿಮೆಂಟ್ ಬಳಿಸಿದವಳು ನಾನೇ. ಮಣ್ಣಿನ ಗೋಡೆ ಎಂದರೆ ನಮಗೆಲ್ಲ ಯಾಕೋ ನಾಚಿಕೆ. ಈ ವರ್ಷ ಆ ಸಿಮೆಂಟ್ ಹಪ್ಪಳದಂತೆ ಎದ್ದು ಉದುರಿತು.

"ಕೆಡವಿ ತಗಡಿನ ಶೆಡ್ ಹಾಕೋಣ," ಎಂದರು ಅಪ್ಪ. "ಹೆಂಗೂ ಪಕ್ಕದ ಸೈಟಿಗೆ ಜೆಸಿಬಿ ಬರ್ತೈತೆ."

"ನಾನು ಸರಿ ಮಾಡ್ತೀನಿ," ಎಂದೆ.

"ದುಡ್ಡು ಕೇಳಂಗಿಲ್ಲ. ಮೊದ್ಲ ಮಳೆಗೆ ನಿಂತ್ರೆ ಇರ್ಲಿ. ಉದುರಿದ್ರೆ ಜೆಸಿಬಿ. ಆಮೇಲೆ ಮಾತಿಲ್ಲ."

ಪಕ್ಕದ ಮನೆಯ ಗೌರತ್ತೆ ಕುರಿ ಸಾಕುತ್ತಾರೆ. ಗೋಡೆ ನೋಡಿ ನಕ್ಕರು. "ಕಾಲೇಜಲ್ಲಿ ಕೆಮಿಸ್ಟ್ರಿ ಪಾಠ ಮಾಡ್ತಾಳಂತೆ! ಮಣ್ಣಿನ ಗೋಡೆಗೆ ರೈನ್‌ಕೋಟ್ ತೊಡ್ಸಿದ್ಯಲ್ಲೇ. ಒಳಗೇ ಬೆವರಿ ಬೆವರಿ ಸಾಯ್ತೈತೆ ಕಣೇ ಅದು."

ನೆಲದಿಂದ ಏರಿದ ತೇವ ಸಿಮೆಂಟಿನ ಹಿಂದೆ ಸಿಕ್ಕಿಬಿದ್ದಿತ್ತು. ಪಾಠದಲ್ಲಿ ಹೇಳುವವಳಿಗೆ ಗೋಡೆಯಲ್ಲಿ ಯಾಕೆ ಕಾಣಲಿಲ್ಲ?

ಉಳಿದ ಸಿಮೆಂಟ್ ಕಿತ್ತೆ. ಕೆರೆಯ ಮಣ್ಣು, ಮರಳು, ಸಗಣಿ, ಕತ್ತರಿಸಿದ ರಾಗಿ ಹುಲ್ಲು ಸೇರಿಸಿ ಗುಂಡಿಯಲ್ಲಿ ತುಳಿದೆ. ಕೊಂಡಿದ್ದು ಸುಣ್ಣ ಮಾತ್ರ. ಮೂರನೇ ದಿನ ಭಾನುವಾರ, ರಜೆ. ಬಳಿಯಲು ಹೊರಟೆ.

ಗೌರತ್ತೆ ತಡೆದರು: "ಏನೇ ಆತುರ? ಹುಲ್ಲು ಇನ್ನೂ ಹಸೀದೈತೆ. ನಿನ್ನ ಭಾನುವಾರ ನೋಡ್ಕಂಡು ಮಣ್ಣು ಕೊಳೀತದಾ?"

ಎಂಟು ದಿನ ಕಾದೆ. ವಾಸನೆಯ ಬಗ್ಗೆ ಬರೆಯುವುದಿಲ್ಲ. ಆಮೇಲೆ ಅದೇ ಮಣ್ಣು ಕೈಗೆ ಬೆಣ್ಣೆಯಂತೆ ಬಂತು. ಮೊದಲ ಪದರ ಬಿರುಕು ಬಿಟ್ಟಿತು. ಗೌರತ್ತೆ ಮರಳು ಹೆಚ್ಚಿಸಲು ಹೇಳಿದರು. ಎರಡನೆಯದು ಬಿಡಲಿಲ್ಲ. ಒಣಗಿದ ಮೇಲೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ.

ಬೀದಿಯಲ್ಲಿ ಹೋಗುವವರು ನಿಂತು ಕೇಳತೊಡಗಿದರು: "ಯಾವ ಮೇಸ್ತ್ರಿದು?" ಮೊದಲು ಮಳೆ ಬರಲಿ ಎಂದು ನಾನು ಪೊರಕೆ ಹಿಡಿದು ಗುಡಿಸುತ್ತಿದ್ದೆ. (ಹೇಳಬೇಕೆಂದು ಎಷ್ಟು ಆಸೆಯಿತ್ತು ಗೊತ್ತಾ?)

ಮಳೆ ಬಂದದ್ದು ಸುಣ್ಣ ಒಣಗಿದ ಮೇಲಿನ ಭಾನುವಾರ ಸಂಜೆ ನಾಲ್ಕಕ್ಕೆ. ಸಾಲದ್ದಕ್ಕೆ ಪಡುವಣದಿಂದಲೇ. ಒಂದು ಗಂಟೆ ಆ ಗೋಡೆಗೇ ಹೊಡೆಯಿತು. ನಾನು ಅಡುಗೆಮನೆಯಲ್ಲಿ ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದೆ.

ಹನಿ ನಿಲ್ಲುವ ಮೊದಲೇ ಅಪ್ಪ ಕೊಡೆ ಹಿಡಿದು ಹೋದರು. ಹಿಂದೆ ನಾನು. ಹೆಂಚಿನ ನೀರು ಸಿಡಿದಲ್ಲಿ, ಬುಡದಲ್ಲಿ, ಒಂದು ಗೇಣು ಮಣ್ಣು ಕರಗಿತ್ತು. ಅಪ್ಪ ಅದನ್ನು ನೋಡಿದರು. ಆಮೇಲೆ ಗೋಡೆಯುದ್ದಕ್ಕೂ ಹೆಬ್ಬೆರಳಿನಿಂದ ಒತ್ತುತ್ತಾ ನಡೆದರು. ಒಂದು ಚೂರೂ ಉದುರಲಿಲ್ಲ.

"ಬುಡಕ್ಕೆ ನಾಲ್ಕು ಚಪ್ಪಡಿ ಕಲ್ಲು ಇಟ್ರೆ ಆಯ್ತು," ಎಂದರು. ಅಲ್ಲೇ ನಿಂತು ಫೋನ್ ಹಚ್ಚಿದರು, ಅರ್ಧ ಬೀದಿಗೆ ಕೇಳುವಂತೆ: "ಜೆಸಿಬಿ ನಮ್ಮ ಕಡೆ ತಿರುಗಿಸ್ಬ್ಯಾಡ ಕಣಪ್ಪಾ. ಕೊಟ್ಟಿಗೆ ಇರ್ತೈತೆ. ಮೇಸ್ತ್ರಿನಾ? ಯಾವ ಮೇಸ್ತ್ರಿನೂ ಇಲ್ಲ. ನನ್ನ ಮಗಳೇ!"

ಮರುದಿನ ಬೆಳಿಗ್ಗೆ ಕಡೂರಿನ ಬಸ್ಸಿಗೆ ಹೊರಟವಳು ಹತ್ತಿರದ ದಾರಿ ಬಿಟ್ಟು, ಕೊಟ್ಟಿಗೆಯ ಮುಂದಿನಿಂದ ಬೀದಿಯೆಲ್ಲ ಸುತ್ತಿಕೊಂಡು ಹೋದೆ, ನಿಧಾನವಾಗಿ. ಬಸ್ಸು ತಪ್ಪಿತು. ಏನೀಗ?