ಪೇಟ ಇದೆ, ಮದುವೆ ಅಲ್ಲ

ನಮ್ಮ ಯಜಮಾನರು ಮುನಿಗಂಗಪ್ಪ. ಚಿಂತಾಮಣಿ ಬಸ್ ಸ್ಟ್ಯಾಂಡ್ ಹತ್ರ ಹಾರ ಕಟ್ತಿದ್ರು. ಸಕ್ಕರೆ ಕಾಯಿಲೆ ಕಣ್ಣು ತಿಂತು, ಬೆರಳು ಮಾತ್ರ ಬಿಡ್ತು. ಅವರು ಹಾಕಿದ ಗಂಟು ಬಿಚ್ಚಿದ್ದು ನಾನು ಕಂಡಿಲ್ಲ.

ಓದಿ ಹೇಳೋ ಫೋನ್ ಬಂದ ಮೇಲೆ ನನ್ನನ್ನ ಏನೂ ಕೇಳ್ತಿರಲಿಲ್ಲ. ಅಕ್ಷರ ಇದ್ರೆ ಅದು ಓದ್ತಿತ್ತು. ಫೋಟೊ ಬಂದ್ರೆ ಊಹೆ ಮಾಡ್ತಿತ್ತು. ಆ ಊಹೆ ಮೇಲೆ ಇವರದ್ದೊಂದು ಊಹೆ.

ನಾನು ತವರಿಗೆ ಹೋಗಿದ್ದ ದಿನ ಅಂಬಾಜಿದುರ್ಗದ ಕಡೆಯ ಚಲಪತಿ ಒಂದು ಫೋಟೊ ಕಳಿಸಿ, ಕೆಳಗೆ 'ಬೆಳಗ್ಗೆಗೆ ಹಾರ ಬೇಕು' ಅಂತ ಮಾತ್ರ ಬರೆದಿದ್ದ. ಫೋಟೊ ಅವರಪ್ಪ ಬಯ್ಯಪ್ಪಂದು, ತೀರ್ಕೊಂಡಿದ್ದ. ನಮ್ಮ ಕಡೆ ಗಂಡಸರಿಗೆ ಒಳ್ಳೆ ಫೋಟೊ ಅಂದ್ರೆ ಯಾರದೋ ಮದುವೇಲಿ ಪೇಟ ಸುತ್ಕೊಂಡು ತೆಗೆಸಿದ್ದೇ. ಫೋನ್ ಹೇಳ್ತು, 'ಪೇಟ ಧರಿಸಿದ ವ್ಯಕ್ತಿ ನಗುತ್ತಿದ್ದಾರೆ.' ಇವರು ಗಂಡಿಗೊಂದು ಹೆಣ್ಣಿಗೊಂದು ಗುಲಾಬಿ ಹಾರ ಕಟ್ಟಿ, ಜರಿ ಸುತ್ತಿ, ಆಟೋದಲ್ಲಿ ಕಳಿಸಿದ್ರು.

ಚಲಪತಿ ಫೋನ್ ಮಾಡ್ದ. "ಏನಣ್ಣಾ, ಎರಡನೇ ಹಾರ ಯಾರಿಗೆ? ನಮ್ಮಪ್ಪನಿಗೆ ಈಗ ಹೆಣ್ಣೆಲ್ಲಿಂದ ತರ್ಲಿ?"

ಬೇರೆ ಹೂವಿರಲಿಲ್ಲ. ಮನೆಯೋರು ಎರಡೂ ಬಯ್ಯಪ್ಪನಿಗೇ ಹಾಕಿ ಮಣ್ಣಿಗೆ ಕಳಿಸಿದ್ರು.

ಸುದ್ದಿ ಹಬ್ಬಿದ ಮೇಲೆ ಅಂಗಡಿ ಮುಂದೆ ಜನ ಇಲ್ಲ. ಪಕ್ಕದ ತೆಂಗಿನಕಾಯಿ ಅಂಗಡಿ ಶ್ಯಾಮಲಮ್ಮ ಅಂದ್ಲು, "ಬಾಗಿಲು ಹಾಕ್ಸಮ್ಮ. ನಿನ್ನ ಗಂಡ ನಾಳೆ ಮದುಮಗನಿಗೆ ತಿಥಿ ಮಾಡ್ತಾನೆ."

ಇವರಿಗೆ ಕೇಳಿಸ್ತು. "ಕಣ್ಣು ಹೋಗಿರೋದು ನಂದು. ಬರೆಯೋ ಕೈ ಹೋಗಿರೋದು ನಿಮ್ದಾ?"

ಹಾರಕ್ಕೆ ಹೇಳೋ ಗಿರಾಕಿಗಳ ವಾಟ್ಸಾಪ್ ಗ್ರೂಪಿಗೆ ಮಾತಲ್ಲೇ ರೆಕಾರ್ಡ್ ಮಾಡಿ ಕಳಿಸಿದ್ರು. ಫೋಟೊ ಹಾಕಿದ್ರೆ ಅದ್ರಲ್ಲಿ ಯಾರು, ಯಾತಕ್ಕೆ, ಕೆಳಗೆ ಬರೀರಿ. ಬರೀದಿದ್ರೆ ಹಾರ ಇಲ್ಲ.

ನಾನು ಹಣೆ ಚಚ್ಕೊಂಡೆ. ಬರೋರೇ ಇಲ್ಲ, ಇವರದ್ದೊಂದು ಕಾನೂನು.

ಮೊದಲು ಬರೆದವನು ಚಲಪತೀನೇ. ಬಿಸಿಲಲ್ಲಿ ಅವರಪ್ಪನ್ನ ಅಷ್ಟು ದೂರ ಹೊತ್ರೂ ಆ ಹಾರದ ಒಂದೆಸಳೂ ಉದುರಲಿಲ್ಲವಂತೆ. 'ಇದು ನನ್ನ ತಂಗಿ ಫೋಟೊ. ಹಸಿರು ಸೀರೆ. ಬದುಕಿದ್ದಾಳೆ. ಸೀಮಂತ.' ಫೋನ್ ಅದನ್ನ ಬಸ್ ಸ್ಟ್ಯಾಂಡಿಗೆಲ್ಲಾ ಕೇಳೋ ಹಾಗೆ ಓದ್ತು. ಅವನನ್ನ ನೋಡಿ ಮಿಕ್ಕೋರೂ ಬರೆದ್ರು. ಅಂಗಡಿ ಉಳೀತು.

ಶಿವರಾತ್ರಿ ಆದ್ಮೇಲೆ ಇವರು ಹೋದ್ರು. ಮನೇಲಿದ್ದ ಒಳ್ಳೆ ಫೋಟೊ ಪೇಟದ್ದೇ. ಗ್ರೂಪಿಗೆ ಹಾಕು ಅಂತ ಚಲಪತಿಗೆ ಕೊಟ್ಟೆ. "ಕೆಳಗೆ ಬರಿ" ಅಂದೆ.

"ಯಾರಿಗಕ್ಕಾ? ಕೇಳೋನೇ ಹೋದ್ನಲ್ಲ."

"ಅವರ ಕಾನೂನು ಕಣಪ್ಪ. ಬರಿ."

ಬರೆದ. ಇವರ ಫೋನ್ ತಲೆ ಪಕ್ಕದಲ್ಲೇ ಇತ್ತು. ಮುಟ್ಟಿದೆ. ಗಟ್ಟಿಯಾಗಿ ಓದ್ತು: "ಇದು ಮುನಿಗಂಗಪ್ಪಣ್ಣನ ಫೋಟೊ. ಪೇಟ ಇದೆ. ಮದುವೆ ಅಲ್ಲ."

ಅಳ್ತಿದ್ದೋರೆಲ್ಲಾ ನಕ್ಕರು. ನಾನೂ ನಕ್ಕೆ.

ಇವರಿಗೆ ಹಾಕಿದ ಹಾರ ಬೇರೆ ಅಂಗಡೀದು. ಗುಂಡಿ ಹತ್ರ ಹೋಗೋದ್ರೊಳಗೆ ಬಿಚ್ಕೊಂತು.