ಭಾನುವಾರದ ಕಾಲ್‌ನಲ್ಲಿ ಅತ್ತೆ ಅಳಬಾರದು
ಬಸ್ಸಲ್ಲಿದೀನಿ ಕಣ್ರೋ, ಗದ್ದಲ ಜಾಸ್ತಿ, ಆದ್ರೂ ಈ ವಾಯ್ಸ್ ಮೆಸೇಜ್ ಪೂರ್ತಿ ಕೇಳಿ. ನಮ್ಮತ್ತೆ ವಿಷಯ.

ಟೈಲರ್ ಅವರು. ಬಾಯಲ್ಲಿ ಪಿನ್ ಕಚ್ಕೊಂಡೇ ಗಿರಾಕಿಗಳ ಕಾಲೆಳೀತಿದ್ರು. "ಹೊಟ್ಟೆ ಒಳಗೆಳ್ಕೋಬೇಡಿ ಸಾರ್, ಟೇಪಿಗೆ ಎಲ್ಲಾ ಗೊತ್ತಾಗುತ್ತೆ!" ಹೋದ ವರ್ಷ ಮಾವ, ಅವರು ಫಾರಿನ್ನೋರು, ರಜಕ್ಕೆ ಅಂತ ಮಗಳನ್ನ ತಮ್ಮ ದೇಶಕ್ಕೆ ಕರ್ಕೊಂಡೋದ್ರು. ಒಪ್ಪಿಗೆ ಪತ್ರಕ್ಕೆ ಅತ್ತೇನೇ ಸೈನ್ ಹಾಕಿದ್ದು. ಮಗು ವಾಪಸ್ ಬರ್ಲೇ ಇಲ್ಲ.

ಆಮೇಲೆ ಅತ್ತೆ ಯಾರನ್ನೂ ನಂಬಲ್ಲ. ಪ್ಯಾಂಟ್ ಮಡಚಿ ಹೊಲಿಸೋಕೆ ಬಂದೋರು "ಮಗಳು ಹೇಗಿದಾಳಮ್ಮ?" ಅಂದ್ರೆ ಮುಗೀತು. "ಇವನನ್ನ ನಿಮ್ಮಾವಾನೇ ಕಳ್ಸಿರೋದು" ಅಂತ ನನ್ನ ಕಿವೀಲಿ ಪಿಸುಪಿಸು.

ಕೇಸ್ ಮುಗಿಯೋವರ್ಗೂ ಕೋರ್ಟು ಪ್ರತಿ ಭಾನುವಾರ ಒಂದು ವಿಡಿಯೊ ಕಾಲ್ ಕೊಟ್ಟಿದೆ. ಒಂದ್ಸಲ ನಮ್ಮ ಮೊಂಡಿ, ಅದೇ ಅತ್ತೆ ಮಗಳು, ಹೊಸ ಶರ್ಟ್ ಹಾಕಿದ್ಲು. ಗುಂಡಿ ಗಂಡ್ಮಕ್ಕಳ ಶರ್ಟಿನ ತರ ಬಲಗಡೆ ಇತ್ತು. ಬೇರೆ ಯಾರಿಗೆ ಕಾಣುತ್ತೆ ಹೇಳಿ? ಅತ್ತೆ ಕಿರುಚೋಕೆ ಶುರು. "ಮಗೂಗೆ ಗಂಡು ವೇಷ ಹಾಕಿ ಎಲ್ಲಿಗೆ ಸಾಗಿಸ್ತಿದೀರಿ?"

ಅದು ಸ್ಕೂಲ್ ಯೂನಿಫಾರ್ಮ್. ಎಲ್ರಿಗೂ ಒಂದೇ ತರ.

ವಕೀಲರು ಅತ್ತೇನ ಕೂರಿಸ್ಕೊಂಡು ಹೇಳಿದ್ರು. "ನಿಮ್ಮ ಗಂಡ ಆ ಕಾಲ್ ರೆಕಾರ್ಡ್ ಮಾಡಿದಾರಮ್ಮ. ತಾಯಿಗೆ ತಲೆ ನೆಟ್ಟಗಿಲ್ಲ ಅಂತ ಜಡ್ಜ್ ಮುಂದೆ ಇಡ್ತಾರೆ. ಇನ್ನೊಂದ್ಸಲ ಕೂಗಾಡಿದ್ರೋ, ಅತ್ರೋ, ಮಗು ಅಲ್ಲೇ ಉಳಿಯುತ್ತೆ. ಡಾಕ್ಟರ್ ಹತ್ರ ಹೋಗಿ."

"ಹೋದ್ರೆ ಹುಚ್ಚಿ ಅಂತ ನಾನೇ ಬರ್ಕೊಟ್ಟಂಗಲ್ವಾ?" ಅಂದ್ರು ಅತ್ತೆ. ಆದ್ರೂ ದರದರ ಎಳ್ಕೊಂಡೋದೆ. ಒಳಗೆ ಹೋಗ್ತಿದ್ದಂಗೆ ಅತ್ತೆ, ಡಾಕ್ಟರ್ ಮೇಜಿನ ಮೇಲಿದ್ದ ಗಡಿಯಾರ ತಿರುಗಿಸಿ ಹಿಂದೆ ಕ್ಯಾಮೆರಾ ಇದ್ಯಾ ನೋಡಿದ್ರು!

"ನಿದ್ದೆ ಬರುತ್ತಾ?" ಅಂದ್ರು ಡಾಕ್ಟರಮ್ಮ.

"ಯಾಕೆ ಕೇಳ್ತಿದೀರ?"

"ಕೇಳೋಕೆ ತಾನೇ ನನಗೆ ಸಂಬಳ?"

ಅತ್ತೆ ನಗು ತಡ್ಕೊಂಡ್ರು. ಮಾತ್ರೆ ಇಸ್ಕೊಂಡ್ರು. ನುಂಗ್ತಿದಾರೋ ಇಲ್ವೋ, ನಂಗೂ ಅನುಮಾನಾನೇ.

ಇವತ್ತು ಮತ್ತೆ ಕಾಲ್. ಅತ್ತೆ ಕಲ್ಲಿನ ಗೊಂಬೆ ತರ ಕೂತ್ರು. ಪಕ್ಕದಲ್ಲಿ ನಾನು, ದನಿ ಏರಿದ್ರೆ ಮೊಣಕೈ ತಿವಿಯೋಕೆ. "ಊಟ ಆಯ್ತಾ? ಸ್ಕೂಲ್ ಚೆನ್ನಾಗಿದ್ಯಾ?" ಬ್ಯಾಂಕಿನೋರು ಮಾತಾಡ್ದಂಗೆ. ಮೊಂಡಿ ಹಿಂದುಗಡೆ ಗೋಡೆ ಮೇಲೆ ಮಾವನ ನೆರಳು ಆಡ್ತಿತ್ತು. ನೋಡಿಯೂ ನೋಡ್ದಂಗೆ ಅತ್ತೆ ಹಲ್ಲು ಕಚ್ಕೊಂಡಿದ್ರು.

ಮೊಂಡಿ ಕಣ್ಣು ಕಿರಿದು ಮಾಡಿದ್ಲು, ಥೇಟ್ ಅವರಮ್ಮನ ತರ. "ಅಮ್ಮಾ, ಯಾಕೆ ಹಿಂಗೆ ಮಾತಾಡ್ತೀಯ? ಪಕ್ಕದಲ್ಲಿ ಯಾರೋ ಹೇಳ್ಕೊಡ್ತಿದಾರೆ ಅಲ್ವಾ? ನಿನಗೆ ನಾನು ಬೇಡ್ವಾ?"

ಅತ್ತೆ ನನ್ನನ್ನ ಕುರ್ಚಿಯಿಂದ ತಳ್ಳೇಬಿಟ್ರು. "ಎದ್ದೋಗೋ ಆಚೆ!"

ಬಾಗಿಲಾಚೆ ನಿಂತು ಕೇಳಿಸ್ಕೊಂಡೆ. ಜೋರಾಗಿ ಅಳು. ಅಳ್ತಾನೇ ಬೈಗುಳ, "ಕತ್ತೆ, ಬೇಡ ಅಂತೀನಾ ನಾನು? ಹಲ್ಲುಜ್ಜಿದ್ಯಾ? ತೋರ್ಸು!" ಮೊಂಡಿ ಆ ಅಂತ ಬಾಯಿ ತೆಗೆದಿರ್ಬೇಕು, ಇಬ್ರೂ ಒಟ್ಟಿಗೆ ನಕ್ಕಿದ್ದು ಕೇಳಿಸ್ತು. ಮತ್ತೆ ಅಳು.

ರೆಕಾರ್ಡ್ ಆಗಿರುತ್ತೆ, ಗ್ಯಾರಂಟಿ. ಹೊರಗೆ ಬಂದ ಅತ್ತೆ ಮೂಗೊರೆಸ್ಕೊಂಡು ಅಂದ್ರು, "ವಕೀಲರಿಗೆ ನಾನೇ ಹೇಳ್ತೀನಿ, ಅತ್ತುಬಿಟ್ಟೆ ಅಂತ. ನೀನು ಬಾಯ್ಮುಚ್ಕೊಂಡಿರು."